ಹಳೆಯ ಸಾಲ: ಕಟ್ಟುವ ಮೊದಲು ಲೆಕ್ಕ ಕೇಳಿ

ಅಕ್ಕಿಆಲೂರಿನ ಸುತ್ತಲಿನ ಹಳ್ಳಿಗಳಲ್ಲಿ ಸಾಲ ಮಾಡದೆ ವರ್ಷ ಕಳೆಯುವ ಮನೆಗಳು ಕಡಿಮೆ. ಗೋವಿನಜೋಳದ ಬೀಜ, ಗೊಬ್ಬರಕ್ಕೆ ಸೊಸೈಟಿ ಸಾಲ, ಟ್ರ್ಯಾಕ್ಟರಿಗೆ ಫೈನಾನ್ಸ್, ಬೋರ್‌ವೆಲ್ ಕೊರೆಸಲು ಬ್ಯಾಂಕ್, ಮದುವೆಗೋ ಆಸ್ಪತ್ರೆಗೋ ಮಹಿಳಾ ಸಂಘದ ಸಾಲ. ಮಳೆ ಕೈಕೊಟ್ಟ ವರ್ಷ ಒಂದೆರಡು ಕಂತು ತಪ್ಪುತ್ತವೆ. ಮುಂದೆ ಯಾವಾಗಲೋ ಒಂದಿಷ್ಟು ಕಟ್ಟಿರುತ್ತಾರೆ, ಮನ್ನಾ ಆಯಿತೆಂದು ಯಾರೋ ಹೇಳಿರುತ್ತಾರೆ, ಮನೆಯವರೂ ಅಷ್ಟಕ್ಕೇ ಸುಮ್ಮನಾಗಿರುತ್ತಾರೆ. ಆರೆಂಟು ವರ್ಷ ಕಳೆದ ಮೇಲೆ, ಹೆಸರೇ ಕೇಳಿರದ ಕಂಪನಿಯಿಂದ ಫೋನು ಬರುತ್ತದೆ. ಅಸಲಿನ ಎರಡು ಮೂರು ಪಟ್ಟು ಬಾಕಿ ಇದೆ, ಇವತ್ತೇ ಕಟ್ಟಿದರೆ ರಿಯಾಯಿತಿ, ಇಲ್ಲವಾದರೆ ಕೋರ್ಟು ಎನ್ನುತ್ತಾರೆ.

ಇಂಥ ಹೊತ್ತಿನಲ್ಲಿ ಕೆಲವರು ಹೆದರಿ ಕೈಗೆ ಸಿಕ್ಕಷ್ಟು ಹಣ ಕೊಟ್ಟು, ತೋರಿಸಿದ ಕಡೆ ಸಹಿ ಹಾಕಿಬಿಡುತ್ತಾರೆ. ಇನ್ನು ಕೆಲವರು ಫೋನು ಬಂದ್ ಮಾಡಿ, ಬಂದ ನೋಟಿಸನ್ನು ಒಡೆಯದೆ ಬದಿಗಿಡುತ್ತಾರೆ. ಎರಡರಿಂದಲೂ ನಷ್ಟವೇ. ಬರಹದಲ್ಲಿ ಲೆಕ್ಕ ಕೇಳುವುದು ಸರಿಯಾದ ದಾರಿ. ಸಾಲ ಇದೆ ಎನ್ನುವವರೇ ಅದನ್ನು ಸಾಬೀತು ಮಾಡಬೇಕು, ಇಲ್ಲ ಎಂದು ಸಾಬೀತು ಮಾಡುವ ಹೊರೆ ಮೊದಲಿಗೇ ನಿಮ್ಮ ಮೇಲೆ ಬೀಳುವುದಿಲ್ಲ. ಈ ಒಂದು ಮಾತು ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ.

ಹಾವೇರಿಯಿಂದ ಎದ್ದ ಕೂಗು

ವಸೂಲಿಯ ಕಾಟ ಎಂಥದು ಎಂಬುದನ್ನು ಇಡೀ ರಾಜ್ಯಕ್ಕೆ ತಿಳಿಸಿದ್ದರಲ್ಲಿ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳೂ ಇದ್ದಾರೆ. 2025ರ ಜನವರಿಯಲ್ಲಿ ಮೈಕ್ರೋಫೈನಾನ್ಸ್ ಕಿರುಕುಳದ ವಿರುದ್ಧ ಹಾವೇರಿ ಜಿಲ್ಲೆಯ ಮಹಿಳೆಯರು ಮುಖ್ಯಮಂತ್ರಿಗೆ ಅಂಚೆಯಲ್ಲಿ ಮಾಂಗಲ್ಯ ಕಳಿಸಿ, ಇದನ್ನು ಉಳಿಸಿಕೊಡಿ ಎಂದು ಕೇಳಿಕೊಂಡರು. ಅದೇ ತಿಂಗಳು ರಾಜ್ಯದ ಹಲವು ಜಿಲ್ಲೆಗಳಿಂದ ಊರು ಬಿಟ್ಟವರ, ಜೀವ ಕಳೆದುಕೊಂಡವರ ಸುದ್ದಿ ಬಂತು. ಸರ್ಕಾರ ಸುಗ್ರೀವಾಜ್ಞೆ ರೂಪಿಸಿತು. ರಾಜ್ಯಪಾಲರು ಮೊದಲು ಅದನ್ನು ಹಿಂದಿರುಗಿಸಿ, ಫೆಬ್ರುವರಿ 12ರಂದು ಅಂಕಿತ ಹಾಕಿದರು. ಮಾರ್ಚ್‌ನಲ್ಲಿ ವಿಧಾನಮಂಡಲ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ನೋಂದಣಿ ಇಲ್ಲದೆ ಸಾಲ ಕೊಟ್ಟು ಬಡವರನ್ನು ಹಿಂಡುವವರೇ ಈ ಕಾಯ್ದೆಯ ಮುಖ್ಯ ಗುರಿ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿಕೊಂಡ ಬ್ಯಾಂಕು, ಫೈನಾನ್ಸ್ ಕಂಪನಿಗಳನ್ನು ಕಟ್ಟಿಹಾಕುವುದು ರಿಸರ್ವ್ ಬ್ಯಾಂಕಿನ ನಿಯಮಗಳು.

ಕಿರುಕುಳ ಕಣ್ಣಿಗೆ ಕಾಣುತ್ತದೆ, ಅಕ್ಕಪಕ್ಕದವರು ಸಾಕ್ಷಿಯಾಗುತ್ತಾರೆ. ಹಳೆಯ ಸಾಲದ ತಪ್ಪು ಲೆಕ್ಕ ಹಾಗಲ್ಲ, ಕಾಗದದೊಳಗೇ ಅಡಗಿರುತ್ತದೆ. ಅದನ್ನು ಎದುರಿಸಲು ಕಾಗದವೇ ಬೇಕು.

ಸಾಲ ಕೊಟ್ಟವರು ಒಬ್ಬರು, ಕೇಳುವವರು ಇನ್ನೊಬ್ಬರು

ಮೊದಲು ತಿಳಿಯಬೇಕಾದದ್ದು, ಹಣ ಕೇಳುತ್ತಿರುವವರು ಯಾರು ಎಂಬುದು. ಕಳೆದ ಕೆಲವು ವರ್ಷಗಳಲ್ಲಿ ಕರ್ನಾಟಕದ ಬ್ಯಾಂಕುಗಳ ಬೋರ್ಡುಗಳೇ ಬದಲಾದವು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ ಸೇರಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಹೋಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಲೀನವಾದವು. ನಮ್ಮ ಭಾಗದವರಿಗೆ ಚಿರಪರಿಚಿತವಾದ, ಧಾರವಾಡದಲ್ಲಿ ಮುಖ್ಯ ಕಚೇರಿ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ರಾಜ್ಯದ ಒಂದೇ ಗ್ರಾಮೀಣ ಬ್ಯಾಂಕಿನ ಭಾಗವಾಯಿತು. ವಿಲೀನವಾದಾಗ ಸಾಲವೂ ಹೊಸ ಬ್ಯಾಂಕಿಗೆ ಸೇರುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಹಳೆಯ ಪಾಸ್‌ಬುಕ್ಕಿನಲ್ಲಿರುವ ಖಾತೆ ಸಂಖ್ಯೆಗೂ ಹೊಸ ನೋಟಿಸಿನಲ್ಲಿರುವ ಸಂಖ್ಯೆಗೂ ತಾಳೆಯಾಗದಿದ್ದರೆ, ಎರಡಕ್ಕೂ ಇರುವ ಸಂಬಂಧ ತೋರಿಸಿ ಎಂದು ಕೇಳುವುದು ನಿಮ್ಮ ಹಕ್ಕು.

ವಿಲೀನವಲ್ಲದೆ ಇನ್ನೂ ಎರಡು ಬಗೆಗಳಿವೆ. ಒಂದರಲ್ಲಿ ಸಾಲ ಬ್ಯಾಂಕಿನದೇ ಆಗಿದ್ದು, ವಸೂಲಿ ಕೆಲಸ ಮಾತ್ರ ಏಜೆನ್ಸಿಯದು. ಏಜೆನ್ಸಿಗೆ ಸಾಲದ ಮೇಲೆ ಹಕ್ಕಿಲ್ಲ, ಅದು ಮಾಡಿದ ತಪ್ಪಿಗೆ ಬ್ಯಾಂಕೇ ಹೊಣೆ. ಇನ್ನೊಂದರಲ್ಲಿ ಬ್ಯಾಂಕು ಸುಸ್ತಿ ಸಾಲವನ್ನೇ ಆಸ್ತಿ ಪುನರ್ನಿರ್ಮಾಣ ಕಂಪನಿಗೆ ಮಾರಿರುತ್ತದೆ. 2002ರ ಸರ್ಫೇಸಿ ಕಾಯ್ದೆ ಇದಕ್ಕೆ ದಾರಿ ಮಾಡಿಕೊಟ್ಟಿದೆ. ಆಗ ಹಣ ಕೇಳುವ ಹಕ್ಕು ಕೊಂಡವರದು. ಆದರೆ ಸಾಲ ಕೊಂಡವರು ಅದರ ಜೊತೆಗಿನ ತಕರಾರುಗಳನ್ನೂ ಕೊಂಡಂತೆ. ಮೂಲ ಬ್ಯಾಂಕಿನ ಎದುರು ನೀವು ಎತ್ತಬಹುದಾಗಿದ್ದ ಪ್ರಶ್ನೆಗಳನ್ನು ಇವರ ಎದುರೂ ಎತ್ತಬಹುದು ಎನ್ನುತ್ತದೆ ಆಸ್ತಿ ವರ್ಗಾವಣೆ ಕಾಯ್ದೆಯ 132ನೇ ಕಲಂ. ಸಾಲ ಮಾರಿದ ಸಂಗತಿ ನಿಮಗೆ ತಿಳಿಸುವ ಮೊದಲೇ ನೀವು ಬ್ಯಾಂಕಿಗೆ ಕಟ್ಟಿದ ಹಣವನ್ನು ಲೆಕ್ಕಕ್ಕೆ ಹಿಡಿಯದೆ ಮತ್ತೆ ಕೇಳುವಂತಿಲ್ಲ.

ಮೂರು ವರ್ಷದ ಲೆಕ್ಕ

ಹಳೆಯ ಸಾಲದ ವಿಚಾರದಲ್ಲಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಕಾಲಮಿತಿಯ ಬಗ್ಗೆ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಅಡಮಾನವಿಲ್ಲದ ಸಾಧಾರಣ ಸಾಲಕ್ಕೆ ದಾವೆ ಹೂಡಲು ಮೂರು ವರ್ಷ. ಜಮೀನು, ಮನೆ ಅಡವಿಟ್ಟಿದ್ದರೆ ಹನ್ನೆರಡು ವರ್ಷ. ಈಗಾಗಲೇ ಡಿಕ್ರಿ ಆಗಿದ್ದರೆ ಅದನ್ನು ಜಾರಿ ಮಾಡಲೂ ಹನ್ನೆರಡು ವರ್ಷ. ಅವಧಿ ಮೀರಿ ದಾವೆ ಬಂದರೆ, ಸಾಲಗಾರ ಆ ಮಾತು ಎತ್ತದಿದ್ದರೂ ನ್ಯಾಯಾಲಯ ಅದನ್ನು ವಜಾ ಮಾಡಬೇಕು ಎಂದು ಕಾಯ್ದೆಯ 3ನೇ ಕಲಂ ಹೇಳುತ್ತದೆ. ಹಾಗೆಂದು ಸಮನ್ಸ್ ಬಂದಾಗ ಹಾಜರಾಗದೆ ಕೂಡಬಾರದು. ನಿಮ್ಮ ಕಡೆಯ ದಾಖಲೆ ಮುಂದಿಡುವವರಿಲ್ಲದಿದ್ದರೆ ಏಕಪಕ್ಷೀಯ ಡಿಕ್ರಿ ಆಗಿಬಿಡುತ್ತದೆ.

ಈ ಲೆಕ್ಕ ಹಾಕುವಾಗ ಕೋವಿಡ್ ಕಾಲವನ್ನು ಮರೆಯಬಾರದು. 2020ರ ಮಾರ್ಚ್ 15ರಿಂದ 2022ರ ಫೆಬ್ರುವರಿ 28ರವರೆಗಿನ ದಿನಗಳನ್ನು ಕಾಲಮಿತಿಯಿಂದ ಹೊರಗಿಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿತ್ತು. ಆ ಹೊತ್ತಿನಲ್ಲಿ ಅವಧಿ ಚಾಲ್ತಿಯಲ್ಲಿದ್ದ ಸಾಲಗಳಿಗೆ ಸುಮಾರು ಎರಡು ವರ್ಷ ಹೆಚ್ಚು ಸಿಕ್ಕಿದೆ.

ಅವಧಿ ಮುಗಿದರೆ ಸಾಲ ಮನ್ನಾ ಆದಂತಲ್ಲ. ದಾವೆ ಹೂಡುವ ದಾರಿ ಮುಚ್ಚುತ್ತದೆ, ಸಾಲ ಉಳಿಯುತ್ತದೆ ಎಂದು ಸುಪ್ರೀಂ ಕೋರ್ಟ್ ಹಲವು ಬಾರಿ ಹೇಳಿದೆ. ಮರ್ಯಾದೆಯಿಂದ ಕೇಳಲು ಬ್ಯಾಂಕಿಗೆ ಅಡ್ಡಿಯಿಲ್ಲ. ಆದರೆ ನ್ಯಾಯಾಲಯದಲ್ಲಿ ವಸೂಲಾಗದ ಹಳೆಯ ಬಾಕಿಯನ್ನು ಕಂದಾಯ ಬಾಕಿಯ ಹೆಸರಿನಲ್ಲಿ ವಸೂಲು ಮಾಡುವಂತಿಲ್ಲ ಎಂದು 1999ರಲ್ಲಿ ಕೇರಳದ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ ಸ್ಪಷ್ಟಪಡಿಸಿತು. ಕೃಷಿ ಸಾಲದ ವಸೂಲಿಗೆ ಉಪವಿಭಾಗಾಧಿಕಾರಿ ಕಚೇರಿಯಿಂದ ನೋಟಿಸು ಬಂದಾಗ ಈ ತೀರ್ಪನ್ನು ವಕೀಲರ ಗಮನಕ್ಕೆ ತರುವುದು ಒಳ್ಳೆಯದು. ಸೊಸೈಟಿ ಸಾಲದ ತಕರಾರು ಮಾತ್ರ ಸಹಕಾರ ಸಂಘಗಳ ಕಾಯ್ದೆಯಡಿ ಬೇರೆ ದಾರಿಯಲ್ಲಿ ನಡೆಯುತ್ತದೆ. ಅಲ್ಲಿ ಮೂರು ವರ್ಷದ ಮಾತನ್ನೇ ನಂಬಿ ಕೂಡುವುದು ಬೇಡ.

ಮೋಸ ಹೋಗುವ ಜಾಗ ಇರುವುದು ಇಲ್ಲಿಯೇ. ಅವಧಿಯೊಳಗೆ ನೀವು ಸಾಲ ಒಪ್ಪಿ ಬರೆದು ಸಹಿ ಹಾಕಿದರೆ, ಅಥವಾ ಬರಹದ ದಾಖಲೆಯೊಂದಿಗೆ ಒಂದಿಷ್ಟು ಹಣ ಕಟ್ಟಿದರೆ, ಮೂರು ವರ್ಷ ಆ ದಿನದಿಂದ ಹೊಸದಾಗಿ ಶುರುವಾಗುತ್ತದೆ. ಅವಧಿ ಮುಗಿದ ಮೇಲೂ, ಈ ಸಾಲವನ್ನು ತೀರಿಸುತ್ತೇನೆ ಎಂದು ಸಹಿ ಹಾಕಿ ಬರೆದುಕೊಟ್ಟರೆ ಅದು 1872ರ ಕರಾರು ಕಾಯ್ದೆಯ 25(3)ನೇ ಕಲಮಿನಡಿ ಹೊಸ ಕರಾರು. ಸತ್ತ ದಾವೆಗೆ ಜೀವ ಬರುವುದು ಸಾಲಗಾರನ ಕೈಯಿಂದಲೇ. ಐದು ನೂರು ರೂಪಾಯಿ ಕಟ್ಟಿ, ಈ ಫಾರ್ಮಿಗೆ ಒಂದು ಸಹಿ ಹಾಕಿ, ಮೇಲಿನವರಿಗೆ ತೋರಿಸಲಿಕ್ಕಷ್ಟೇ ಎಂದು ಯಾರಾದರೂ ಹೇಳಿದರೆ, ಆ ಸಹಿಯ ಬೆಲೆ ಐದು ನೂರು ರೂಪಾಯಿಯಲ್ಲ ಎಂದು ತಿಳಿಯಿರಿ. ಖಾಲಿ ಕಾಗದ, ಹೊಸ ಚೆಕ್, ಫೋನಿಗೆ ಬಂದ ಒಟಿಪಿ, ಇವು ಮೂರನ್ನೂ ಕೊಡಬೇಡಿ. ಸಾಲ ಕಟ್ಟಲಾಗದಿರುವುದು ಸಿವಿಲ್ ವಿಷಯ, ಅದು ಅಪರಾಧವಲ್ಲ. ಚೆಕ್ ಬೌನ್ಸ್ ಆದರೆ ಅದು ಕ್ರಿಮಿನಲ್ ಪ್ರಕರಣ.

ಅಪ್ಪನ ಸಾಲ, ಗೆಳೆಯನ ಜಾಮೀನು

ತಂದೆ ತೀರಿಕೊಂಡ ಮೇಲೆ ಮಕ್ಕಳನ್ನು ಹಿಡಿಯುವುದು ಹಳೆಯ ಸಾಲಗಳಲ್ಲಿ ಸಾಮಾನ್ಯ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರದ ಪರಂಪರೆಯಲ್ಲಿ ತಂದೆಯ ಸಾಲ ತೀರಿಸುವುದು ಮಗನ ಧರ್ಮವಾಗಿತ್ತು. ಬ್ರಿಟಿಷರ ಕಾಲದ ನ್ಯಾಯಾಲಯಗಳೂ ಅದನ್ನು ಎತ್ತಿಹಿಡಿದವು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಇದನ್ನು ಬದಲಿಸಿತು. ಆ ನಂತರ ಮಾಡಿದ ಸಾಲಕ್ಕೆ, ಮಗ ಎಂಬ ಒಂದೇ ಕಾರಣದಿಂದ ಮಗ, ಮೊಮ್ಮಗ, ಮರಿಮಗನ ಮೇಲೆ ಕ್ರಮ ಕೈಗೊಳ್ಳುವಂತಿಲ್ಲ. ತಂದೆಯಿಂದ ಬಂದ ಆಸ್ತಿ ಎಷ್ಟಿದೆಯೋ ಅಷ್ಟರ ಮಟ್ಟಿಗೆ ಮಾತ್ರ ವಾರಸುದಾರರು ಹೊಣೆ. ನಿಮ್ಮ ಸ್ವಂತ ದುಡಿಮೆಯ ಸಂಬಳಕ್ಕೂ ಅಪ್ಪನ ಪರ್ಸನಲ್ ಲೋನಿಗೂ ಸಂಬಂಧವಿಲ್ಲ.

ಜಾಮೀನು ಹಾಕಿದವರ ಪರಿಸ್ಥಿತಿ ಬೇರೆ. ಸಾಲಗಾರನಷ್ಟೇ ಹೊಣೆ ಅವರಿಗೂ ಇದೆ. ಬೇಡಿಕೆ ಬಂದಾಗ ಕೊಡುತ್ತೇನೆ ಎಂಬ ಒಪ್ಪಂದವಿದ್ದರೆ, ಜಾಮೀನುದಾರನಿಗೆ ಕಾಲಮಿತಿ ಶುರುವಾಗುವುದು ಬ್ಯಾಂಕು ಅವನನ್ನು ಕೇಳಿದ ದಿನದಿಂದ ಎಂದು 2006ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಸಂಘದಲ್ಲಿ ಒಬ್ಬರಿಗೊಬ್ಬರು ಜಾಮೀನಾಗಿ ಸಾಲ ಪಡೆಯುವ ಹೆಣ್ಣುಮಕ್ಕಳು ಸಹಿ ಹಾಕುವ ಮುಂಚೆ ಒಪ್ಪಂದದ ಈ ಸಾಲನ್ನು ಓದಿಸಿಕೊಂಡು ಕೇಳಬೇಕು.

ಪತ್ರದಲ್ಲಿ ಏನಿರಬೇಕು

ಫೋನಿನಲ್ಲಿ ವಾದ ಮಾಡಿ ಪ್ರಯೋಜನವಿಲ್ಲ. ಒಂದು ಪುಟದ ಪತ್ರ ಬರೆದು, ಮೂಲ ಬ್ಯಾಂಕಿಗೂ ಏಜೆನ್ಸಿಗೂ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಕನ್ನಡದಲ್ಲಿ ಬರೆದರೆ ಸಾಕು. ಬರೆಯಬೇಕಾದದ್ದು ಇಷ್ಟು:

“ನಿಮ್ಮ ಇಂಥ ದಿನಾಂಕದ ನೋಟಿಸು ತಲುಪಿದೆ. ಅದರಲ್ಲಿ ಹೇಳಿರುವ ಬಾಕಿಯನ್ನು ನಾನು ಒಪ್ಪಿಲ್ಲ. ಈ ಪತ್ರವನ್ನು ಸಾಲದ ಒಪ್ಪಿಗೆ ಎಂದು ತಿಳಿಯಬಾರದು. ಸಾಲದ ಅರ್ಜಿ ಮತ್ತು ಒಪ್ಪಂದದ ಪ್ರತಿ, ಸಾಲ ಕೊಟ್ಟ ದಿನದಿಂದ ಇಂದಿನವರೆಗಿನ ಪೂರ್ಣ ಖಾತೆ ಉತಾರ, ಅಸಲು, ಬಡ್ಡಿ ಮತ್ತು ದಂಡದ ಪ್ರತ್ಯೇಕ ವಿವರ, ಕೊನೆಯ ಪಾವತಿಯ ದಿನಾಂಕ, ಸಾಲ ವರ್ಗಾವಣೆಯಾಗಿದ್ದರೆ ಅದರ ದಾಖಲೆ, ಏಜೆನ್ಸಿಗೆ ಕೊಟ್ಟ ಅಧಿಕಾರ ಪತ್ರ, ಇಷ್ಟನ್ನು ಕಳಿಸಿಕೊಡಿ. ಈ ತಕರಾರು ಇತ್ಯರ್ಥವಾಗುವವರೆಗೆ ವಸೂಲಿ ಕ್ರಮ ನಿಲ್ಲಿಸಬೇಕು.”

ಖಾತೆ ಉತಾರ ಕೈಗೆ ಬಂದ ಮೇಲೆ ಅದನ್ನು ನಿಮ್ಮ ರಸೀದಿಗಳ ಜೊತೆ ಒಂದೊಂದಾಗಿ ತಾಳೆ ನೋಡಿ. ಕಟ್ಟಿದ ಕಂತು ಜಮೆಯಾಗಿದೆಯೇ? ವಾಹನ ಜಪ್ತಿ ಮಾಡಿ ಮಾರಿದ್ದರೆ ಆ ಹಣವನ್ನು ಕಳೆದಿದ್ದಾರೆಯೇ? 2008ರ ಕೇಂದ್ರದ ಸಾಲ ಮನ್ನಾ, 2018ರ ರಾಜ್ಯದ ಬೆಳೆಸಾಲ ಮನ್ನಾ ನಿಮಗೆ ಅನ್ವಯಿಸಿದ್ದರೆ ಆ ಮೊತ್ತ ಖಾತೆಯಲ್ಲಿ ಕಾಣುತ್ತದೆಯೇ? ದಂಡದ ವಿಚಾರದಲ್ಲಿ 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಸ್ಪಷ್ಟ ನಿಯಮ ತಂದಿದೆ: ತಪ್ಪಿದ ಕಂತಿಗೆ ದಂಡ ಶುಲ್ಕ ಹಾಕಬಹುದು, ಅದನ್ನು ಬಡ್ಡಿದರಕ್ಕೆ ಸೇರಿಸುವಂತಿಲ್ಲ, ದಂಡದ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ.

ಕ್ರೆಡಿಟ್ ವರದಿಯನ್ನೂ ತೆಗೆಸಿ ನೋಡಬೇಕು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್, ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ನೀವು ತೆಗೆದುಕೊಳ್ಳದ ಸಾಲ ನಿಮ್ಮ ಹೆಸರಿನಲ್ಲಿದ್ದರೆ, ತೀರಿಸಿದ್ದು ಬಾಕಿ ಎಂದಿದ್ದರೆ ತಕರಾರು ಹಾಕಿ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರಿಂದ ಜಾರಿಯಲ್ಲಿದೆ.

ಬಾಗಿಲಿಗೆ ಬಂದವರಿಗೂ ಕಟ್ಟಳೆ ಇದೆ

ವಸೂಲಿಗೆ ಬಂದವರ ಬಳಿ ಗುರುತಿನ ಚೀಟಿ ಮತ್ತು ಅಧಿಕಾರ ಪತ್ರ ಇರಬೇಕು. ತೋರಿಸಿ ಎನ್ನಿ. ಸಾಮಾನ್ಯ ಸಾಲಗಳಿಗೆ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಏಜೆಂಟರು ಫೋನು ಮಾಡುವಂತಿಲ್ಲ. ವಾರ್ಷಿಕ ಆದಾಯ 3 ಲಕ್ಷ ರೂಪಾಯಿವರೆಗಿನ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಮೈಕ್ರೋಫೈನಾನ್ಸ್ ಸಾಲದಲ್ಲಿ ಆ ಮಿತಿ ಬೆಳಿಗ್ಗೆ 9ರಿಂದ ಸಂಜೆ 6. ರಿಸರ್ವ್ ಬ್ಯಾಂಕಿನ 2022ರ ಮಾರ್ಚ್‌ನ ನಿರ್ದೇಶನದಂತೆ ಈ ಸಾಲದ ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲಿ ನಡೆಯಬೇಕು. ಸಾಲಗಾರರು ಸತತ ಎರಡು ಬಾರಿ ಅಲ್ಲಿಗೆ ಬಾರದಿದ್ದರೆ ಮಾತ್ರ ಮನೆಗೆ ಹೋಗಬಹುದು. ಬೈಗುಳ, ಬೆದರಿಕೆ, ನೆಂಟರಿಷ್ಟರಿಗೆ ಫೋನು, ಊರ ಮುಂದೆ ಹೆಸರು ಹೇಳಿ ಮಾನ ಕಳೆಯುವುದು ಎಲ್ಲಕ್ಕೂ ನಿಷೇಧವಿದೆ. ನೀವು ಲಿಖಿತ ದೂರು ಕೊಟ್ಟಿದ್ದರೆ ಅದು ತೀರ್ಮಾನವಾಗುವ ಮೊದಲು ನಿಮ್ಮ ಪ್ರಕರಣವನ್ನು ಏಜೆಂಟರಿಗೆ ಒಪ್ಪಿಸಬಾರದು ಎಂಬ ನಿಯಮವೂ ಅದರಲ್ಲಿದೆ. ಮೇಲಿನ ಪತ್ರವನ್ನು ಬೇಗ ಬರೆಯಿರಿ ಎನ್ನುವುದು ಇದಕ್ಕಾಗಿಯೇ.

ಬೆದರಿಕೆ ಹಾಕಿದರೆ ದಿನಾಂಕ, ಸಮಯ, ಫೋನ್ ನಂಬರು ಬರೆದಿಟ್ಟುಕೊಂಡು ಪೊಲೀಸ್ ಠಾಣೆಗೆ ಹೋಗಿ. ರಾಜ್ಯದ ಹೊಸ ಕಾಯ್ದೆಯಡಿ ಬರುವ ದೂರನ್ನು ದಾಖಲಿಸಲು ಪೊಲೀಸರು ನಿರಾಕರಿಸುವಂತಿಲ್ಲ. ಲೆಕ್ಕದ ತಕರಾರಿಗೆ ಮೊದಲು ಬ್ಯಾಂಕಿನ ಅಥವಾ ಫೈನಾನ್ಸ್ ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸಮಾಧಾನ ತರದಿದ್ದರೆ, ತಡಮಾಡದೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 14448ಕ್ಕೆ ಫೋನು ಮಾಡಿದರೆ ದಾರಿ ತೋರಿಸುತ್ತಾರೆ. ಸೊಸೈಟಿ ಮತ್ತು ಸೌಹಾರ್ದ ಸಂಘಗಳ ದೂರು ಸಹಕಾರ ಇಲಾಖೆಗೆ ಹೋಗಬೇಕು.

ಅದಾಲತ್ತಿನಲ್ಲಿ ಸಹಿ ಹಾಕುವ ಮುನ್ನ

ಬ್ಯಾಂಕುಗಳು ಹಳೆಯ ಸಾಲಗಳನ್ನು ಲೋಕ ಅದಾಲತ್ತಿಗೆ ತರುವುದು ಹೆಚ್ಚಾಗಿದೆ. ನಿಜವಾಗಿಯೂ ಸಾಲ ಇದ್ದು, ತೀರಿಸುವ ಮನಸ್ಸೂ ಇದ್ದರೆ ಅದು ಒಳ್ಳೆಯ ಜಾಗ. ಬಡ್ಡಿಯಲ್ಲಿ ದೊಡ್ಡ ಪಾಲು ಬಿಡಿಸಿಕೊಳ್ಳಬಹುದು. ಆದರೆ ಅಲ್ಲಿ ಆದ ರಾಜಿ ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ನಿಮ್ಮ ಒಪ್ಪಿಗೆ ಇಲ್ಲದೆ ಅಲ್ಲಿ ಯಾರೂ ರಾಜಿ ಮಾಡಿಸುವಂತಿಲ್ಲ. ಆದ್ದರಿಂದ ಮೊದಲು ಹಾನಗಲ್ಲಿನ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ರಾಜಿಯಾದರೆ ಮೊತ್ತ, ಕಂತು, ಕೊನೆಯ ದಿನಾಂಕ ಎಲ್ಲವೂ ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಬರಲಿ. ಹಣವನ್ನು ಏಜೆಂಟನ ಕೈಗೂ ಅವನ ಫೋನ್‌ಪೇಗೂ ಕೊಡದೆ ಸಾಲದ ಖಾತೆಗೇ ಕಟ್ಟಿ. ತೀರಿದ ಮೇಲೆ ನೋ ಡ್ಯೂ ಸರ್ಟಿಫಿಕೇಟ್ ಪಡೆದು, ಉತಾರದ ಮೇಲಿನ ಬೋಜಾ ಇಳಿಸಿಕೊಳ್ಳಿ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಆಸ್ತಿಯ ಮೂಲ ಪತ್ರ ಮರಳಿಸದಿದ್ದರೆ, ತಡ ಬ್ಯಾಂಕಿನದೇ ಆಗಿದ್ದಲ್ಲಿ, ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2023ರ ಡಿಸೆಂಬರ್ 1ರಿಂದ ಇದೆ.

ಲೆಕ್ಕ ಕೇಳುವ ಹಕ್ಕಿಗೆ ಈ ನೆಲದಲ್ಲಿ ಹಳೆಯ ಹೋರಾಟದ ಚರಿತ್ರೆ ಇದೆ. ಸಾಹುಕಾರರ ಖಾತೆಪುಸ್ತಕಗಳ ವಿರುದ್ಧ 1875ರಲ್ಲಿ ಪುಣೆ, ಅಹಮದ್‌ನಗರದ ಕಡೆಯ ರೈತರು ಎದ್ದ ಮೇಲೆ 1879ರಲ್ಲಿ ಬಂದ ದಖ್ಖನ್ ರೈತರ ಪರಿಹಾರ ಕಾಯ್ದೆ, ಬಾಂಡಿನಲ್ಲಿ ಬರೆದ ಮೊತ್ತವನ್ನೇ ನಂಬದೆ ವ್ಯವಹಾರದ ಮೊದಲಿನಿಂದ ಲೆಕ್ಕ ತೆಗೆಸುವ ಅಧಿಕಾರವನ್ನು ನ್ಯಾಯಾಧೀಶರಿಗೆ ಕೊಟ್ಟಿತು. ಬಡ್ಡಿಯ ಕಾಟದಿಂದ ಬಿಡಿಸಿಕೊಳ್ಳಲು 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಎಲ್ಲ ಸದಸ್ಯರಿಗೂ ಕಾಣುವಂತೆ ಲೆಕ್ಕ ಇಡುವುದು ಸಹಕಾರದ ಮೂಲ ಶರತ್ತು.

ತೆಗೆದುಕೊಂಡ ಸಾಲವನ್ನು ತೀರಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತೆಗೆದುಕೊಂಡಷ್ಟೇ, ಒಪ್ಪಿದ ಬಡ್ಡಿಯಷ್ಟೇ, ಹಕ್ಕುಳ್ಳವರಿಗಷ್ಟೇ ತೀರಿಸಬೇಕು. ಇಂದೇ ಮನೆಯಲ್ಲಿರುವ ಸಾಲದ ರಸೀದಿ, ಪಾಸ್‌ಬುಕ್ಕು, ಮನ್ನಾ ಪತ್ರಗಳನ್ನು ಒಂದು ಫೈಲಿನಲ್ಲಿ ಕೂಡಿಸಿಡಿ. ನೋಟಿಸು ಬಂದರೆ ಒಡೆದು ಓದಿ, ಓದಲು ಬಾರದಿದ್ದರೆ ಓದಿಸಿ. ಲೆಕ್ಕ ಕೈಗೆ ಬರುವವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.